ಗಾಲಿಪುರದ ಡೀಲರ್ ಸಂರಕ್ಷಣಾ ಶಾಸನ

ಬಹಳ ಹಿಂದೆ, ರಸ್ತೆಗಿಂತ ಮೊದಲು ಟೋಲ್‌ಗೇಟು ಹುಟ್ಟುತ್ತಿದ್ದ ಕಾಲದಲ್ಲಿ, ಗಾಲಿಪುರವೆಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಅನುಮೋದವರ್ಮರು ಆಳುತ್ತಿದ್ದರು. ಪ್ರಜೆಗಳ ಕಷ್ಟ ಕೇಳಿದರೆ ಅವರ ಕಣ್ಣಿಗೆ ನೀರೂ ಕೈಗೆ ಶಾಸನವೂ ಒಟ್ಟಿಗೇ ಬರುತ್ತಿದ್ದವು. ಕಷ್ಟವನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಇರಲಿಲ್ಲ. ಆಳುವವರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?

ಆ ರಾಜ್ಯದಲ್ಲಿ ಸಾರೋಟು ಬೇಕಾದವರೆಲ್ಲ ಪೇಟೆಬೀದಿಯ ಪುಟ್ಟನಂಜಶೆಟ್ಟರ ಶೋರೂಮಿಗೇ ಹೋಗಬೇಕು. ಸಾರೋಟು ಮಾಡುತ್ತಿದ್ದುದು ನೆರೆರಾಜ್ಯದ ಮಹಾಚಕ್ರ ಕಂಪನಿ. ಶೆಟ್ಟರು ಅದರ ಅಧಿಕೃತ ಡೀಲರ್. ಅಧಿಕೃತ ಅಂದರೆ, ಬಂಡವಾಳ ಶೆಟ್ಟರದು, ಬೋರ್ಡು ಕಂಪನಿಯದು. ಪ್ರತಿ ಯುಗಾದಿಗೂ ಕಂಪನಿಯ ದೂತ ಬಂದು, “ನಮ್ಮ ಬ್ರ್ಯಾಂಡು ಈ ವರ್ಷ ಬೂದುಬಣ್ಣಕ್ಕೆ ತಿರುಗಿದೆ, ನೆಲ ಕಿತ್ತು ಬೇರೆ ಕಲ್ಲು ಹಾಕಿಸಿ” ಎನ್ನುತ್ತಿದ್ದ. ಶೆಟ್ಟರು ಕೀಳಿಸುತ್ತಿದ್ದರು. ಮುಂದಿನ ಯುಗಾದಿಗೆ ಬೂದು ಹೋಗಿ ಬಿಳಿ ಬರುತ್ತಿತ್ತು. ಈ ಸಲವಂತೂ ಮುಂದಿನ ಗೋಡೆಯನ್ನೇ ಒಡೆದು ಗಾಜು ಕೂರಿಸಬೇಕೆಂದ. ಒಲ್ಲೆನೆಂದರೆ ಕಂಪನಿಯೇ ಗಡಿಯಲ್ಲಿ ನಿಂತು ಗಿರಾಕಿಗಳಿಗೆ ನೇರವಾಗಿ ಮಾರುತ್ತದೆ ಎಂದ. ಅಪ್ಪನ ಕಾಲದಿಂದ ಬಂದ ಅಂಗಡಿ ಕೈತಪ್ಪೀತೆಂದು ಶೆಟ್ಟರು ಹೆದರಿದರು. ಜರಿಪೇಟ ಸುತ್ತಿಕೊಂಡು ಅರಮನೆಗೆ ಓಡಿದರು.

“ಬುದ್ಧೀ, ಕಂಪ್ನಿಯೋರ ಕಾಟ ತಡ್ಯಕ್ಕಾಗ್ತಿಲ್ಲ. ನನ್ ಗೋಡೆ ಒಡಿಸ್ಬಾರ್ದು, ನನ್ ಬೆನ್ನಿಂದೆ ಅವರೇ ಮಾರ್ಬಾರ್ದು. ಇಷ್ಟಕ್ಕೊಂದು ಕಾನೂನು ಮಾಡ್ಕೊಡಿ” ಎಂದು ಅಡ್ಡಬಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಓದುಗರಿಗೆ ಈ ಕಥೆಯ ಕಾಟ ತಪ್ಪುತ್ತಿತ್ತು. ಆದರೆ ಅದು ವ್ಯಾಪಾರಿಯ ಬಾಯಿ. ಗಿರಾಕಿಯನ್ನು ಬೈಯದೆ ಅದಕ್ಕೆ ಊಟ ರುಚಿಸುವುದಿಲ್ಲ. ಮಹಾರಾಜರ ಕನಿಕರಕ್ಕೆ ಇನ್ನಷ್ಟು ಒಗ್ಗರಣೆ ಬೀಳಲೆಂದು ಶೆಟ್ಟರು ಮುಂದುವರಿಸಿದರು.

“ಈ ಗಿರಾಕಿಗಳಾದ್ರೂ ನೆಟ್ಟಗವ್ರಾ ಬುದ್ಧೀ? ಟೆಸ್ಟ್ ಡ್ರೈವ್ ಅಂತ ತಗೊಂಡೋಗಿ ಬೀಗರ ಮನೇಲಿ ಹಬ್ಬದೂಟ ಮುಗಿಸ್ಕೊಂಡ್ ಬತ್ತಾರೆ. ಡಿಸ್ಕೌಂಟ್ ಕೊಡು, ಸೀಟ್ ಕವರ್ ಬಿಟ್ಟಿ ಕೊಡು, ಕುದುರೆಗೆ ಹುಲ್ಲೂ ಫ್ರೀ ಹಾಕು ಅಂತ ಜೀವ ಹಿಂಡ್ತಾರೆ.”

ಮಹಾರಾಜರು ನೆಟ್ಟಗೆ ಕುಳಿತರು. “ಹಿಂಡಿದ ಮೇಲೆ ಏನು ಮಾಡುತ್ತಾರೆ?”

“ಸಾರೋಟು ತಗೊಂಡ್ ಹೋಗ್ತಾರೆ ಬುದ್ಧೀ.”

“ನಿನ್ನ ಅಂಗಡಿಯಿಂದ?”

“ಹೂಂ ಬುದ್ಧೀ.”

“ಕೇಳಿದಿರಾ ಮಹಾಮಂತ್ರಿಗಳೇ! ಕಂಪನಿ ಬರೀ ಗೋಡೆಗೆ ಕೈಹಾಕಿದೆ. ಈ ದುರುಳರು ಸಾರೋಟನ್ನೇ ಒಯ್ಯುತ್ತಿದ್ದಾರೆ!”

ಮಹಾಮಂತ್ರಿ ತಥಾಸ್ತುಶರ್ಮರು ಕೈಮುಗಿದರು. “ಪ್ರಭುಗಳ ದೃಷ್ಟಿ ನೇರ ಬೇರಿಗೇ ಇಳಿಯಿತು. ನಮ್ಮ ಇಲಾಖೆಯ ಸಮೀಕ್ಷೆಯಂತೆ, ಡೀಲರುಗಳ ದಾಸ್ತಾನು ಕರಗಲು ಶೇಕಡಾ ನೂರರಷ್ಟು ಕಾರಣ ಗಿರಾಕಿಗಳೇ.”

“ಅಯ್ಯೋ, ದುಡ್ ಕೊಟ್ಟೇ ತಗೊಂಡೋಗೋದು ಬುದ್ಧೀ!” ಎಂದು ಶೆಟ್ಟರು ಕೂಗಿದರು. ಅಷ್ಟರಲ್ಲಿ ವಂದಿಮಾಗಧರು ಭೋಪರಾಕ್ ಶುರುಮಾಡಿದ್ದರು. ಆ ಗದ್ದಲದಲ್ಲಿ ಅರ್ಥಶಾಸ್ತ್ರ ಯಾರಿಗೂ ಕೇಳಿಸಲಿಲ್ಲ.

ಹೀಗೆ ‘ಫ್ರಾಂಚೈಸಿ ಡೀಲರ್ ಸಮಗ್ರ ಸಂರಕ್ಷಣಾ ಶಾಸನ’ ಜಾರಿಗೆ ಬಂತು. ಕಂಪನಿ ಶೆಟ್ಟರ ಗೋಡೆ ಮುಟ್ಟುವಂತಿಲ್ಲ, ನೇರವಾಗಿ ಮಾರುವಂತಿಲ್ಲ. ಕೇಳಿದ್ದೆಲ್ಲ ಸಿಕ್ಕಿತ್ತು. ಅದರ ಜೊತೆಗೆ, ಕೊಳ್ಳುವ ದುರುದ್ದೇಶವುಳ್ಳ ಯಾರೂ ಶೋರೂಮಿನ ಕೂಗಳತೆಯೊಳಗೆ ಕಾಲಿಡುವಂತಿಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಡೀಲರನೇ ಮಾರಿದರೆ, ಅವನ ಹಿತದೃಷ್ಟಿಯಿಂದ ಅವನನ್ನು ಸೆರೆಯಲ್ಲಿಡತಕ್ಕದ್ದು. ವ್ಯಾಪಾರ ನಿಂತದ್ದಕ್ಕೆ ತಿಂಗಳಿಗೊಂದು ಸಂರಕ್ಷಣಾ ಭತ್ಯೆ. ಭತ್ಯೆಗೆ ಹಣವೆಲ್ಲಿಂದ? ಸಾರೋಟು ಸಿಗದೆ ಜನರೆಲ್ಲ ನಡೆಯುತ್ತಿದ್ದರಲ್ಲ, ಅವರ ಮೇಲೆ ಪಾದಚಾರ ಸೆಸ್ ಬಿತ್ತು. ಓಡಿದರೆ ದುಪ್ಪಟ್ಟು, ಅದು ಎಕ್ಸ್‌ಪ್ರೆಸ್ ಸೇವೆ.

ಸುಳ್ಳೇಕೆ, ಮೊದಮೊದಲು ಶೆಟ್ಟರಿಗೆ ಹಾಯೆನಿಸಿತು. ಚೌಕಾಸಿಯಿಲ್ಲ, ದೂರಿಲ್ಲ. ಬಾಗಿಲಲ್ಲಿ ಭರ್ಜಿ ಹಿಡಿದ ಕಾವಲುಗಾರ, ಒಳಗೆ ಸಾಲಾಗಿ ಸಾರೋಟು, ನಡುವೆ ಕಾಲು ಚಾಚಿ ಕುಳಿತ ಶೆಟ್ಟರು. ಕೂತು ಉಣ್ಣುವ ಭಾಗ್ಯ ಯಾರಿಗುಂಟು!

ಒಂದು ಮಧ್ಯಾಹ್ನ ಸೂಲಗಿತ್ತಿ ದೊಡ್ಡತಾಯಮ್ಮ ಬಂದು, ಕೂಗಳತೆಯ ಗಡಿಗೆ ಕಟ್ಟಿದ್ದ ಹಗ್ಗದಾಚೆ ನಿಂತಳು. ಶೆಟ್ಟರ ಮಕ್ಕಳ ಹೆರಿಗೆಯನ್ನೆಲ್ಲ ಮಾಡಿಸಿದವಳು ಅವಳೇ. ಮಂಡಿ ಸವೆದು ನಡೆಯಲಾಗದೆ, ಶಾಸನಕ್ಕೆ ಮೊದಲೇ ಒಂಟಿಕುದುರೆಯ ಸಾರೋಟೊಂದನ್ನು ಬುಕ್ ಮಾಡಿದ್ದಳು.

“ಶೆಟ್ರೇ, ನನ್ ಗಾಡಿ ಅಲ್ಲೇ ನಿಂತದಲ್ಲಾ! ಹೊಳೆಯಾಚೆ ಹೆಣ್ಮಗೀಗೆ ನೋವು ಶುರುವಾಗದೆ, ಚೊಚ್ಚಲು. ಕೊಟ್ಬುಡಿ, ನಿಮ್ ದಮ್ಮಯ್ಯ!”

ಶೆಟ್ಟರು ಎದ್ದುಬಿದ್ದು ಸಾರೋಟನ್ನು ಎಳೆದು ತರಲು ಅದರ ಮೂಕಿಗೆ ಕೈಹಾಕಿದರು. ಕಾವಲುಗಾರ ಭರ್ಜಿ ಅಡ್ಡ ಹಿಡಿದ.

“ಬ್ಯಾಡಿ ಶೆಟ್ರೇ. ನಿಮ್ಮಿಂದ ನಿಮ್ಮನ್ನ ಕಾಪಾಡೋದೇ ನನ್ ಡ್ಯೂಟಿ.”

ದೊಡ್ಡತಾಯಮ್ಮ ನಡೆದೇ ಹೋದಳು. ಮಗು ಅವಳಿಗಾಗಿ ಕಾಯಲಿಲ್ಲ. ಏನೂ ಗೊತ್ತಿಲ್ಲದ ಅತ್ತೆಯ ಕೈಗೆ ಹುಟ್ಟಿತು. ತಾಯಿ ಮೂರು ದಿನ ಕಣ್ಣು ಬಿಡಲಿಲ್ಲ. ಕೊನೆಗೆ ಬದುಕಿದಳು, ಅದು ದೇವರ ದಯೆ, ಶಾಸನದ್ದೇನಲ್ಲ. ಆ ಮೂರು ದಿನವೂ ಶೆಟ್ಟರು ಭತ್ಯೆಯ ಅನ್ನ ಮುಟ್ಟಲಿಲ್ಲ. ನಾಚಿಕೆಯಿಂದ ಕುಗ್ಗಿಹೋದರು.

ಮತ್ತೆ ಅರಮನೆಗೆ ಹೋದರು. ಅಲ್ಲಿ ಆಗಲೇ ಉದ್ದನೆಯ ಸಾಲು. ರೋಗಿಗಳಿಂದ ರಕ್ಷಣೆ ಬೇಡಿ ವೈದ್ಯರು, ವಿದ್ಯಾರ್ಥಿಗಳಿಂದ ರಕ್ಷಣೆ ಬೇಡಿ ಉಪಾಧ್ಯಾಯರು, ಉಣ್ಣುವವರಿಂದ ರಕ್ಷಣೆ ಬೇಡಿ ಹೋಟೆಲಿನವರು ನಿಂತಿದ್ದರು. ಶೆಟ್ಟರು ನುಗ್ಗಿ ಸಿಂಹಾಸನದ ಮುಂದೆ ಬಿದ್ದರು.

“ತಪ್ಪಾಯ್ತು ಬುದ್ಧೀ! ಶಾಸನ ವಾಪಸ್ ತಗೊಳಿ. ಗೋಡೆ ಬೇಕಾದ್ರೆ ನಾನೇ ಒಡ್ಕೋತೀನಿ. ಗಿರಾಕಿಗಳು ಬರ್ಲಿ, ಬೈಕೊಂಡೇ ಬರ್ಲಿ!”

ಮಹಾರಾಜರ ಕಣ್ಣು ತುಂಬಿತು. “ನೋಡಿ ಮಂತ್ರಿಗಳೇ, ಪಾಪದವನನ್ನು ಗಿರಾಕಿಗಳು ಅದೆಷ್ಟು ಹೆದರಿಸಿದ್ದಾರೆ! ಅವರ ಮಾತನ್ನೇ ಇವನ ಬಾಯಿಂದ ಆಡಿಸುತ್ತಿದ್ದಾರೆ.”

“ತಥಾಸ್ತು ಪ್ರಭು. ಕಾವಲು ಸಾಲದೆಂದು ಇದರಿಂದಲೇ ಸಾಬೀತಾಯಿತು.”

ಕಾವಲು ಇಮ್ಮಡಿಯಾಯಿತು, ಸೆಸ್ಸೂ ಇಮ್ಮಡಿಯಾಯಿತು. ಶೆಟ್ಟರ ಕೊರಳಿಗೆ ಹಾರ ಬಿತ್ತು, ‘ಸಾರೋಟು ಸಾರ್ವಭೌಮ’ ಎಂಬ ಬಿರುದೂ ಅಂಟಿತು. ಅವರ ಸ್ವಂತ ಸಾರೋಟೂ ಸಂರಕ್ಷಿತ ದಾಸ್ತಾನಿಗೆ ಸೇರಿದ್ದರಿಂದ ಸಾರ್ವಭೌಮರು ಮನೆಗೆ ನಡೆದೇ ಹೊರಟರು.

ಕೋಟೆಬಾಗಿಲಲ್ಲಿ ಸೆಸ್ ಕಟ್ಟುವವರ ಸಾಲಿತ್ತು. ಶೆಟ್ಟರ ಮುಂದೆಯೇ ದೊಡ್ಡತಾಯಮ್ಮ ನಿಂತಿದ್ದಳು. ಇನ್ನೊಂದು ಹೆರಿಗೆಗೆ ಕರೆ ಬಂದಿತ್ತಂತೆ. ಸೆರಗಿನ ಗಂಟು ಬಿಚ್ಚಿ, ಓಟದ ದುಪ್ಪಟ್ಟು ದರದ ನಾಣ್ಯಗಳನ್ನು ಪೆಟ್ಟಿಗೆಗೆ ಹಾಕುತ್ತಾ ತಿರುಗಿ ನೋಡಿದಳು.

“ನಿಮ್ ಭತ್ಯಕ್ಕೇ ಅಲ್ವಾ ಶೆಟ್ರೇ, ಇಟ್ಕಳಿ. ನಾನಂತೂ ಓಡಲಾರೆ. ಓಡಕ್ಕೆ ದುಡ್ಡಾದ್ರೂ ಕಟ್ಟಿವ್ನಿ ಅಂತ ಆ ಹೆಣ್ಮಗೀಗೆ ಹೇಳ್ತೀನಿ.”

ಎಂದು ಮಂಡಿ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಲ್ಲುತ್ತಾ ಹೊರಟಳು.