ಗುರುಪಾದಸ್ವಾಮಿಯ ಪರೋಪಕಾರ

ಯಳಂದೂರಿನ ಬಸ್ಸು ಅಂದು ಹತ್ತು ನಿಮಿಷ ತಡವಾಯಿತು. ಅಷ್ಟೇ ಸಾಕಾಯಿತು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಿಂತೂ ನಿಂತೂ ಬೇಸತ್ತ ಗುರುಪಾದಸ್ವಾಮಿಯ ಕಣ್ಣಿಗೆ, ಒಬ್ಬಳೇ ಕೂತು ಅಳುತ್ತಿದ್ದ ಹುಡುಗಿ ಬಿದ್ದಳು. ಏಳೆಂಟು ವರ್ಷ. ಕೆಂಪು ಫ್ರಾಕು, ತಲೆಗೆ ಕೆಂಪು ಕ್ರಿಸ್‌ಮಸ್ ಟೋಪಿ.

ಗುರುಪಾದಸ್ವಾಮಿ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ತೂಗುವವನು. ತಾನಿಲ್ಲದಿದ್ದರೆ ಮಾರುಕಟ್ಟೆಯೇನು, ಕೊಳ್ಳೇಗಾಲವೇ ನಡೆಯುವುದಿಲ್ಲವೆಂದು ಅವನ ನಂಬಿಕೆ.

"ಯಾಕವ್ವಾ ಅಳ್ತಿದ್ದೀಯೆ?"

"ನಮ್ಮೋರೆಲ್ಲ ನನ್ನ ಮರ್ತು ಬಸ್ ಅತ್ಕಂಡು ಓಗ್ಬುಟ್ರು! ಮಾರ್ಟಳ್ಳಿ ಅಜ್ಜಿ ಮನೇಲಿ ಕ್ರಿಸ್‌ಮಸ್ಸು! ನಂಗೆ ಅವ್ವ ಬೇಕು!"

ಯಳಂದೂರಿನ ಬಸ್ಸಿಗೇ ಕಾಯುತ್ತಿದ್ದ ಎದುರುಮನೆಯ ರಾಚಮ್ಮ ಬಾಯಿ ಹಾಕಿದಳು. "ಪೊಲೀಸ್ನೋರಿಗೆ ಏಳಪ್ಪ ಗುರುಪಾದ."

"ನಾನಿರುವಾಗ ಪೊಲೀಸ್ನೋರು ಯಾಕಕ್ಕಾ? ಮಗೀನ ಅಜ್ಜಿ ಮಡ್ಲಿಗೇ ಆಕ್ಬುಟ್ಟು ಬತ್ತೀನಿ. ಬೀದೀಲಿ ಎಲ್ರಿಗೂ ಏಳು."

ಆ ಮಾತು ಬೇಕಿರಲಿಲ್ಲ. ರಾಚಮ್ಮನ ಕಿವಿಗೆ ಬಿದ್ದ ಸುದ್ದಿ ಯಾವತ್ತೂ ಬಸ್ಸಿಗಿಂತ ಮೊದಲೇ ಯಳಂದೂರು ಸೇರುತ್ತಿತ್ತು.

ಮಾರ್ಟಳ್ಳಿಗೆ ಹನೂರಿನ ಮೇಲೆ ಹೋಗಬೇಕು. ಹನೂರಿನ ಬಸ್ಸು ಹೊರಡುವ ಮುನ್ನ ಹುಡುಗಿಗೊಂದು ಬನ್ನು ಕೊಡಿಸಿದ. ಅವಳು ಅಳು ನಿಲ್ಲಿಸಿ, ನೆಮ್ಮದಿಯಾಗಿ ತಿಂದು, ಬಾಯಿ ಒರೆಸಿಕೊಂಡು, ಬಿಟ್ಟಲ್ಲಿಂದಲೇ ಮತ್ತೆ ಶುರುಮಾಡಿದಳು. ಗಂಟಲು ಕಾಸಿದ ತಮಟೆಯಂತಿತ್ತು. ಊರು ದಾಟುವಷ್ಟರಲ್ಲಿ ಇಡೀ ಬಸ್ಸು ಇವರತ್ತ ತಿರುಗಿ ಕೂತಿತು.

"ನಿನ್ ಮಗ್ಳಾ?" ಮುಂದಿನ ಸೀಟಿನ ಅಜ್ಜಿಯೊಬ್ಬಳು ಕೇಳಿದಳು.

"ಅಲ್ಲ."

"ನೆಂಟ್ರ ಮಗೀನಾ?"

"ಅಲ್ಲ."

"ಎಸ್ರೇನು?"

ಗುರುಪಾದಸ್ವಾಮಿ ಹುಡುಗಿಯ ಮುಖ ನೋಡಿದ. ಹುಡುಗಿ, "ನಂಗೆ ಅವ್ವ ಬೇಕು!" ಎಂದಳು.

"ಅಯ್ಯೋ, ಮಗೀನ ಕದ್ಕಂಡು ಓಯ್ತಾವ್ನೆ, ಇಡ್ಕಳ್ರಪ್ಪ!"

ಹನೂರಿನಲ್ಲಿ ಬಸ್ಸು ನಿಲ್ಲುವ ಹೊತ್ತಿಗೆ ನಾಲ್ಕು ಕೈಗಳು ಅವನ ಕೊರಳಪಟ್ಟಿ ಹಿಡಿದು ಕೆಳಗಿಳಿಸಿದ್ದವು. ಅಂಗಿಯ ಎರಡು ಗುಂಡಿ ಕಿತ್ತುಬಂದವು.

"ಉಪಕಾರ ಮಾಡಕ್ಕೆ ಬಂದೋನು ಕಣ್ರಪ್ಪ ನಾನು! ಯಳಂದೂರಲ್ಲಿ ಕೇಳ್ರಿ, ನಾನ್ಯಾರು ಅಂತ!"

ಯಳಂದೂರು ದೂರವಿತ್ತು, ಏಟು ಹತ್ತಿರವಿತ್ತು. ಯಾರೋ ಕೈ ಎತ್ತಿದರು. ಅಷ್ಟರಲ್ಲಿ ಬಸ್ಸಿನ ಹಿಂದೆ ಬಂದು ನಿಂತ ವ್ಯಾನಿನಿಂದ ಕೂಗು ಕೇಳಿತು.

"ಕಟ್!"

ನಲ್ಲಿ ತಿರುಗಿಸಿದಂತೆ ಹುಡುಗಿಯ ಅಳು ನಿಂತಿತು. "ಅಣ್ಣಾ, ಸರಿಯಾಗಿ ಅತ್ನಾ?" ಎಂದು ಹಲ್ಲು ಕಿರಿದಳು.

ವ್ಯಾನಿನಿಂದ ಕ್ಯಾಮೆರಾ ಹಿಡಿದು ಇಳಿದವನು ಶಾಂತರಾಜು. ಮನೆಯವರು ಮರೆತು ಬಿಟ್ಟುಹೋದ ಹುಡುಗಿಯ ಬಗ್ಗೆ ಕ್ರಿಸ್‌ಮಸ್ ಸಿನಿಮಾ ತೆಗೆಯುತ್ತಿದ್ದ. ಹುಡುಗಿಯ ತಾಯಿ ಪ್ರೇಮಾ ಅದೇ ಬಸ್ಸಿನ ಕೊನೆಯ ಸೀಟಿನಿಂದ ಮೊಬೈಲ್ ಹಿಡಿದು ಇಳಿದಳು. ಅವಳೂ ದಾರಿಯುದ್ದಕ್ಕೂ ಎಲ್ಲವನ್ನೂ ಚಿತ್ರೀಕರಿಸಿಕೊಂಡಿದ್ದಳು.

"ಕಟ್ ಅನ್ನೋಗಂಟ ಅಳು ನಿಲ್ಲಿಸ್ಬ್ಯಾಡ ಅಂತ ಮಗೀಗೆ ಅಂದಿದ್ದೆ," ಎಂದ ಶಾಂತರಾಜು. "ಪಾರ್ಟ್ ಮಾಡ್ಬೇಕಾದೋನು ಕೈಕೊಟ್ಟಿದ್ದ. ಅಷ್ಟೊತ್ಗೆ ನೀವು ಬಂದು ಮಗೀನ ಕೈ ಇಡ್ಕಂಡು ಒರಟೇಬುಟ್ರಿ. ನಾವೂ ನಿಮ್ಮಿಂದಿಂದೇನೇ ಬಂದ್ವಿ. ಏನ್ ಸಾ ಆಕ್ಟಿಂಗು!"

ಕೊರಳಪಟ್ಟಿ ಹಿಡಿದಿದ್ದ ಕೈಗಳೇ ಈಗ ಕೈಕುಲುಕಿದವು. ಬೈದ ಅಜ್ಜಿಯೇ ಸೆಲ್ಫಿಗೆ ನಿಂತಳು. ಗುರುಪಾದಸ್ವಾಮಿಯ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

"ನಾಳೆ ದೊಡ್ಡ ಸೀನು ಐತೆ. ನೀವು ಇರ್ಲೇಬೇಕು ಸಾ. ಐವತ್ತು ಜನಾನೂ ಬೇಕು."

"ಐವತ್ತಾ? ನಮ್ಮ ಬೀದೀನೇ ತರುಸ್ತೀನಿ ಬುಡಿ!"

ನಿಂತಲ್ಲೇ ಹೆಂಡತಿ ಚನ್ನಮಲ್ಲಮ್ಮನಿಗೆ ಫೋನು ಮಾಡಿದ. "ಲೇ, ನಿನ್ ಗಂಡ ಸಿನ್ಮಾದಲ್ಲಿ ಅವ್ನೆ ಕಣೇ! ನಾಳೆ ಎಲ್ರನ್ನೂ ಕರ್ಕಂಡು ಅನೂರ್ಗೆ ಬಾ!"

ಫೋನಿಟ್ಟು ಅಂಗಿ ಸರಿಪಡಿಸಿಕೊಳ್ಳುತ್ತ ಕೇಳಿದ, "ಅಂದಂಗೆ, ನನ್ ಪಾರ್ಟ್ ಏನು?"

"ಮಕ್ಕಳ ಕಳ್ಳ ಸಾ. ನಾಳೆ ಊರೋರೆಲ್ಲ ಸೇರ್ಕಂಡು ಕಳ್ಳನ್ನ ಇಡ್ದು ಬಡಿಯೋ ಸೀನು."

ಗುರುಪಾದಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಚನ್ನಮಲ್ಲಮ್ಮನ ದನಿಯಲ್ಲಿ, ಮದುವೆಯಾದಾಗಿನಿಂದ ಅವನು ಕೇಳದಿದ್ದ ಹೆಮ್ಮೆಯಿತ್ತು.

"ಎರಡು ಟೆಂಪೋ ತುಂಬೋವಷ್ಟು ಜನ ಆದ್ರು ಕಣ್ರಿ! ರಾಚಕ್ಕ ನಾನೇ ಮುಂದೆ ನಿಲ್ಲೋದು ಅಂತಾವ್ಳೆ. ನಾವೆಲ್ಲ ಏನ್ ಮಾಡ್ಬೇಕಂತೆ, ವಸಿ ಕೇಳ್ಕಂಡು ಏಳಿ."