ಒಂದೇ ಒಂದು ಫೈಲು, ಬಿಟ್ಟರೇನು?

ನಮ್ಮ ಮನೆಯ ಕಂಪ್ಯೂಟರಿಗೆ ನನ್ನ ಕೈಯಾರೆ ಮರುಜನ್ಮ ಕೊಡುತ್ತೇನೆಂದು ಆ ಭಾನುವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಘೋಷಿಸಿಬಿಟ್ಟೆ! ಅದರ ಸ್ಥಿತಿ ಹಾಗಿತ್ತು. ಒಂದು ಅಕ್ಷರ ಒತ್ತಿ ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಪರದೆಯ ಮೇಲೆ ಮೂಡುತ್ತಿತ್ತು.

"ಹಳೇದೆಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕ್ತೀನಿ. ರಿಪೇರಿಯವನ ಹಂಗೇ ಬೇಡ!"

ಹೆಂಡತಿ ಪೇಪರಿನಿಂದ ತಲೆ ಎತ್ತಲಿಲ್ಲ. "ಫ್ಯಾನ್ ರಿಪೇರಿ ಮಾಡಿದ್ರಲ್ಲ, ಹಾಗಾ?"

"ಯಾಕೆ, ತಿರುಗ್ತಿಲ್ವಾ?"

"ತಿರುಗ್ತಿದೆ ರೀ. ನಿಲ್ಲಿಸಬೇಕಾದ್ರೆ ಮೇನ್ ಸ್ವಿಚ್ಚೇ ಆರಿಸಬೇಕು, ಅಷ್ಟೆ."

ಹಿತ್ತಲ ಗಿಡ ಮದ್ದಲ್ಲ, ಬಿಡಿ. ಆಫೀಸಿನಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೆ ಮ್ಯಾನೇಜರೇ ನನ್ನ ಮೇಜಿನ ತನಕ ಬರುತ್ತಾರೆ. ಇಲ್ಲಿ ಕೇಳುವವರಿಲ್ಲ.

ಆತಂಕ ಪಟ್ಟವರು ಅತ್ತೆ ಒಬ್ಬರೇ. ನಮ್ಮತ್ತೆ ಸಾಮಾನ್ಯರಲ್ಲ. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿ, ಅರ್ಧ ಊರಿನ ಕಾಲು ಹಿಡಿದು ತಲೆಕೆಳಗು ಮಾಡಿ ಮೊದಲ ಅಳು ಅಳಿಸಿದವರು. ಆ ನೆನಪುಗಳನ್ನೆಲ್ಲ ಏಳು ತಿಂಗಳಿಂದ ಒಂದೇ ಬೆರಳಿನಲ್ಲಿ, ಸಂಜೆಗೊಂದು ಪುಟದಂತೆ ಟೈಪ್ ಮಾಡುತ್ತಿದ್ದರು. ಪುಟಕ್ಕೊಂದು ಮಗು, ಒಟ್ಟು ಇನ್ನೂರ ಹನ್ನೆರಡು ಪುಟ! ಮುಂದಿನ ತಿಂಗಳು ಅವರಿಗೆ ಎಪ್ಪತ್ತೈದು ತುಂಬುತ್ತದೆ. ಅಂದು ಅದನ್ನು ಪುಸ್ತಕ ಮಾಡಿ ಹಳೆಯ ನರ್ಸುಗಳ ಕೈಗೆಲ್ಲ ಕೊಡಬೇಕೆಂಬುದು ಅವರ ಒಂದೇ ಆಸೆ. ಪ್ರೆಸ್ಸಿನವರಿಗೆ ಮಾತೂ ಕೊಟ್ಟಾಗಿತ್ತು.

"ಅಳಿಯಂದಿರೇ, ನನ್ನ ಬರಹ ಜೋಪಾನ ಅಲ್ವಾ?"

"ಮೊದಲು ಬ್ಯಾಕಪ್ ಅತ್ತೆ! ಎಲ್ಲದರದ್ದೂ ಒಂದೊಂದು ಪ್ರತಿ ಈ ಡಿಸ್ಕಿಗೆ ಹೋಗುತ್ತೆ, ಆಮೇಲೇ ಅಳಿಸೋದು. ನಿಮ್ಮದೊಂದು ಅಲ್ಪವಿರಾಮ ಕಳೆದರೂ ಮೀಸೆ ಬೋಳಿಸ್ಕೋತೀನಿ!"

"ಪಾಪ, ಮೀಸೆ," ಎಂದಳು ಹೆಂಡತಿ.

ಬ್ಯಾಕಪ್ ಶುರುವಾಯಿತು. ಹತ್ತು ಪರ್ಸೆಂಟ್, ಐವತ್ತು, ತೊಂಬತ್ತು, ತೊಂಬತ್ತೊಂಬತ್ತು... ಟೊಂಯ್! ‘ಬ್ಯಾಕಪ್ ವಿಫಲವಾಗಿದೆ.’

ಕೇಬಲ್ಲಿನ ದೋಷ ಎಂದು ಕೇಬಲ್ ಬದಲಿಸಿದೆ. ತೊಂಬತ್ತೊಂಬತ್ತು, ಟೊಂಯ್! ಡಿಸ್ಕಿನಲ್ಲಿ ಜಾಗ ಸಾಲದೆಂದು, ಮುಂದೆಂದಾದರೂ ನೋಡೋಣವೆಂದು ಕೂಡಿಟ್ಟ ಸಿನಿಮಾಗಳನ್ನೆಲ್ಲ ಎದೆ ಕಲ್ಲು ಮಾಡಿಕೊಂಡು ಅಳಿಸಿದೆ. ಟೊಂಯ್! ಯಂತ್ರ ಆರಿಸದೆಯೇ ಪೆಟ್ಟಿಗೆ ಬಿಚ್ಚಿ ಧೂಳು ಊದಿದೆ. ಧೂಳೆಲ್ಲ ನನ್ನ ಮೂಗಿಗೇ ಬಂತು, ಹನ್ನೊಂದು ಸಲ ಸೀನಿದೆ. ಟೊಂಯ್ ಮಾತ್ರ ನಿಲ್ಲಲಿಲ್ಲ!

"ಈ ಡಿಸ್ಕೇ ಕಳಪೆ ಮಾಲು!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಲ್ಲಿ ಕೆಳಗೆ ಏನೋ ಸಣ್ಣಕ್ಷರದಲ್ಲಿ ಬರೆದಿದೆಯಲ್ಲ ರೀ, ಓದಬಾರದಾ?"

"ಅದು ಗೊತ್ತಿಲ್ಲದೋರಿಗೆ ಬರೆದಿರೋದು!" ಎಂದು ಗದರಿ, ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಓದಿದೆ. ‘ಒಂದು ಫೈಲು ಬಳಕೆಯಲ್ಲಿದೆ. ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ, ಅಥವಾ ಬಿಟ್ಟು ಮುಂದುವರಿಯಿರಿ.’

ಇಷ್ಟೇನಾ! ಮೂವತ್ತೊಂದು ಸಾವಿರ ಫೈಲುಗಳಲ್ಲಿ ಒಂದೇ ಒಂದು! ಬಿಟ್ಟರೇನು, ಆಕಾಶ ಕಳಚಿ ಬೀಳುತ್ತದೆಯೇ? ಯಾವ ಫೈಲು ಎಂದು ನೋಡುವಷ್ಟು ಪುರುಸೊತ್ತು ನಮ್ಮಂಥ ತಜ್ಞರಿಗೆಲ್ಲಿ? ‘ಬಿಟ್ಟು ಮುಂದುವರಿಯಿರಿ’ ಒತ್ತಿದೆ. ನೂರು ಪರ್ಸೆಂಟ್! ಕಂಪ್ಯೂಟರು ಕೊನೆಯದಾಗಿ ಒಮ್ಮೆ ಅಂಗಲಾಚಿತು: ‘ಒಂದು ದಾಖಲೆ ತೆರೆದೇ ಇದೆ, ಮುಚ್ಚಲೇ?’ "ಮುಚ್ಚು ಮಾರಾಯ!" ಎಂದು ಅದನ್ನೂ ಒತ್ತಿ, ಎಲ್ಲ ಅಳಿಸಿ, ಹೊಸ ಸಿಸ್ಟಮ್ ಹಾಕಿದೆ. ನಾಲ್ಕು ಗಂಟೆಗೆ ಯಂತ್ರ ಫಳಫಳ ಹೊಳೆಯುತ್ತಿತ್ತು, ನಾನೂ ಅಷ್ಟೆ.

ಆರಕ್ಕೆ ಸರಿಯಾಗಿ ಅತ್ತೆ ಕನ್ನಡಕ ಏರಿಸಿಕೊಂಡು ಬಂದು ಕೂತರು.

"ಅಳಿಯಂದಿರೇ, ಕೆಳಗಿನ ಪಟ್ಟೀಲಿ ಇರ್ತಿತ್ತಲ್ಲ ನನ್ನ ಪುಸ್ತಕ, ಎಲ್ಲಿ?"

"ಬ್ಯಾಕಪ್ಪಲ್ಲಿರುತ್ತೆ, ತಾಳಿ" ಎಂದು ಡಿಸ್ಕು ತೆರೆದೆ. ಏಳು ವರ್ಷದ ಕರೆಂಟು ಬಿಲ್ಲುಗಳಿದ್ದವು. ಯಾರದೋ ಮದುವೆಯ ನಾನೂರು ಫೋಟೋಗಳಿದ್ದವು. ಅರ್ಧಕ್ಕೇ ನಿಂತ ನನ್ನ ಕವನ ಕೂಡ ಕ್ಷೇಮವಾಗಿತ್ತು. ಅತ್ತೆಯ ಪುಸ್ತಕ ಇರಲಿಲ್ಲ.

ಡಿಸ್ಕನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಜಾಲಾಡಿದೆ. "ಅತ್ತೆ... ನೀವು ಆ ಫೈಲು ಮುಚ್ಚಿರಲಿಲ್ವಾ?"

"ಅಯ್ಯೋ, ಹೇಗೆ ಮುಚ್ಚಲಿ? ನೀವೇ ಹೇಳಿದ್ರಲ್ಲ, ‘ಏನನ್ನೂ ಮುಚ್ಚಬೇಡಿ ಅತ್ತೆ, ಕೆಳಗಿನ ಪಟ್ಟಿಗಿಳಿಸಿ ಎದ್ದುಬಿಡಿ’ ಅಂತ. ಏಳು ತಿಂಗಳಿಂದ ಒಂದು ದಿನವೂ ಮುಚ್ಚಿಲ್ಲ."

ಹೌದು, ನಾನೇ ಹೇಳಿದ್ದೆ! ಮೊದಲ ವಾರ ಫೈಲು ತೆರೆದುಕೊಡಿ ಎಂದು ಅವರು ದಿನಾ ಕರೆಯುತ್ತಿದ್ದರು. ಸೋಫಾದಿಂದ ಏಳುವ ಕಷ್ಟ ತಪ್ಪಿಸಿಕೊಳ್ಳಲು ಕೊಟ್ಟ ಉಪದೇಶ ಅದು. ಮಾಡಿದ್ದುಣ್ಣೋ ಮಹಾರಾಯ!

ಅಳಿಸಿದ್ದನ್ನು ಹುಡುಕಿ ತೆಗೆಯಲು ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆ, ಒಂದೂ ನಡೆಯಲಿಲ್ಲ. ಅತ್ತೆ ಕನ್ನಡಕ ತೆಗೆದು, ಒರೆಸಿ, ಡಬ್ಬಿಯೊಳಗಿಟ್ಟರು.

"ಹೋಗ್ಲಿ ಬಿಡಿ. ಕೂಸುಗಳು ಹುಟ್ಟಿದ್ದಂತೂ ಸುಳ್ಳಾಗಲ್ವಲ್ಲ," ಎಂದರು.

ಬೈದಿದ್ದರೆ ವಾಸಿಯಿತ್ತು. ನನಗೆ ನಿಜವಾಗಿಯೂ ಅಳು ಬಂತು. ಆ ತೊಂಬತ್ತೊಂಬತ್ತು ಪರ್ಸೆಂಟ್ ಯಾರಿಗೆ ಬೇಕಾಗಿತ್ತು?

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಅವರ ತಂಗಿ, ನನ್ನ ಚಿಕ್ಕತ್ತೆ. ಮೊಬೈಲು ಕಿವಿಗಿಡದಿದ್ದರೂ ಅವರ ದನಿ ಮೂರು ಮನೆಗೆ ಕೇಳುತ್ತದೆ.

"ಏಳೂವರೆ ಆಯ್ತಲ್ಲ ಅಕ್ಕಾ, ಇವತ್ತಿನ ಪುಟ ಎಲ್ಲಿ?"

"ಎಲ್ಲಾ ಹೋಯ್ತು ಕಣೇ. ಒಂದು ಪುಟವೂ ಉಳಿದಿಲ್ಲ."

"ಹೋಗೋದು ಎಲ್ಲಿಗೆ? ಎಲ್ಲಾ ನನ್ನ ಹತ್ರ ಇದೆಯಲ್ಲ!"

ನಾವು ಮೂವರೂ ಒಟ್ಟಿಗೆ ಬಾಯಿ ತೆರೆದೆವು. ವಿಷಯ ಇಷ್ಟು: ಫೈಲು ಕಳಿಸುವುದು ಅತ್ತೆಗೆ ಬಾರದು. ದಿನಾ ಸಂಜೆ ಪುಟ ಮುಗಿದೊಡನೆ ಮೊಬೈಲಿನಲ್ಲಿ ಪರದೆಯ ಫೋಟೋ ತೆಗೆದು ತಂಗಿಗೆ ಕಳಿಸಿ, ತಮ್ಮಲ್ಲಿದ್ದುದನ್ನು ಅಳಿಸಿಬಿಡುತ್ತಿದ್ದರು. ಫೋನು ತುಂಬಿದರೆ ನಿಧಾನವಾಗುತ್ತೆ ಎಂದು ಕಲಿಸಿಕೊಟ್ಟ ಮಹಾನುಭಾವನೂ ನಾನೇ! ಚಿಕ್ಕತ್ತೆ ಮಾತ್ರ ಒಂದನ್ನೂ ಅಳಿಸಿರಲಿಲ್ಲ.

"ಹೇಗೆ ಅಳಿಸಲಿ? ಹನ್ನೆರಡನೇ ಪುಟದಲ್ಲಿ ನನ್ನ ಕೆಂಪು ಕೊಡೆಯನ್ನ ಇವಳದು ಅಂತ ಬರ್ಕೊಂಡಿದ್ದಾಳೆ. ನಾಳೆ ಜಗಳಕ್ಕೆ ಸಾಕ್ಷಿ ಬೇಡ್ವಾ?"

ಅಕ್ಕತಂಗಿಯರ ಜಗಳಕ್ಕೆ ಜಯವಾಗಲಿ! ನಾನು ಕುಣಿದೇಬಿಟ್ಟೆ. "ಅತ್ತೆ, ಅಷ್ಟನ್ನೂ ನಾನೇ ಟೈಪ್ ಮಾಡ್ತೀನಿ. ಹುಟ್ಟುಹಬ್ಬಕ್ಕೆ ಪುಸ್ತಕ ನಿಮ್ಮ ಕೈಲಿ!"

"ಕೊಡೆ ನಂದೇ ಅಂತ ಇರಲಿ, ಅಳಿಯಂದಿರೇ," ಎಂದರು ಅತ್ತೆ ಮೆಲ್ಲಗೆ, ಕನ್ನಡಕ ಮತ್ತೆ ಏರಿಸಿಕೊಳ್ಳುತ್ತಾ.

ಇನ್ನೂರ ಹನ್ನೆರಡು ಫೋಟೋಗಳು ಬಂದವು. ಮೊದಲನೆಯದನ್ನು ತೆರೆದೆ. ಅಕ್ಷರ ಸ್ಪಷ್ಟವಾಗಿತ್ತು. ಪರದೆಯ ಪಕ್ಕದಲ್ಲಿ ನಮ್ಮ ಸೋಫಾವೂ ಸ್ಪಷ್ಟವಾಗಿತ್ತು. ಸೋಫಾದ ಮೇಲೆ ಬನಿಯನ್ ಹಾಕಿಕೊಂಡು, ಬಾಯಿ ಕಳೆದು, ನಿದ್ದೆ ಹೊಡೆಯುತ್ತಿದ್ದ ನಾನಂತೂ ಅತಿ ಸ್ಪಷ್ಟವಾಗಿದ್ದೆ. ಎರಡನೆಯದರಲ್ಲೂ ಅದೇ ಬಾಯಿ. ನೂರನೆಯದರಲ್ಲಿ ಬನಿಯನ್ ಬದಲಾಗಿತ್ತು, ಭಂಗಿ ಅದೇ!

ಹೆಂಡತಿ ಹಿಂದೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ, ಕೊನೆಯ ಫೋಟೋದ ಕೆಳಗೆ ಚಿಕ್ಕತ್ತೆ ಬರೆದಿದ್ದನ್ನು ಗಟ್ಟಿಯಾಗಿ ಓದಿದಳು:

"ಅಕ್ಕಾ, ಇನ್ನೂರ ಹನ್ನೆರಡು ಮಕ್ಕಳು ಹುಟ್ಟಿ, ಬೆಳೆದು, ಕೆಲಸಕ್ಕೂ ಸೇರಿದ್ರು. ನಿನ್ನ ಅಳಿಯಂದಿರು ಮಾತ್ರ ಇನ್ನೂ ಎದ್ದಿಲ್ಲ!"