ಅರವತ್ತಮೂರನೆಯ ಉಣ್ಣಿ

ಪ್ರಪಂಚದಲ್ಲಿ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ವಿದ್ಯೆ ಒಲಿದಿರುತ್ತದಂತೆ. ನಮ್ಮ ಕ್ಲಾಸಿನ ನಾಣಿಗೆ ಬೀಜಗಣಿತ ಒಲಿದಿದೆ. ಅವನ ಅಣ್ಣನಿಗೆ ಕೊಳಲು ಒಲಿದಿದೆ ಎಂದು ಅವನ ಅಣ್ಣನೇ ಹೇಳುತ್ತಾನೆ. ಅವರ ಬೀದಿಯವರು ಯಾರೂ ಹೇಳಿದ್ದು ನಾನು ಕೇಳಿಲ್ಲ. ನನಗೆ ಒಲಿದದ್ದು ನಾಯಿಯ ಮೈಯಿಂದ ಉಣ್ಣಿ ಕೀಳುವ ವಿದ್ಯೆ. ನಗಬೇಡಿ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಬೀಜಗಣಿತ ಬಲ್ಲವರು ಹದಿನೇಳು ಜನ ಇದ್ದಾರೆ, ಉಣ್ಣಿ ಬಲ್ಲವನು ನಾನೊಬ್ಬನೇ. ಹೀಗೆ ಸರ್ವಾಧಿಪತಿಯಾಗಿ ಇದ್ದವನು ಒಂದೇ ಒಂದು ಬೆಳಗಿನಲ್ಲಿ ಊರು ಬಿಡಬೇಕಾಗಿ ಬಂದದ್ದು ಹೇಗೆ ಎನ್ನುವುದನ್ನು ನಿಮಗಷ್ಟೇ ಹೇಳುತ್ತೇನೆ. ನಾಣಿಗೆ ಹೇಳಬೇಡಿ.

ನಮ್ಮ ನಾಯಿಯ ಹೆಸರು ದಫೇದಾರ. ಚನ್ನರಾಯಪಟ್ಟಣದಿಂದ ಬೆಲ್ಲದ ಬುಟ್ಟಿಯಲ್ಲಿ ಬಂದ ಮರಿ. ಎದೆಯ ಮೇಲೆ ಅಡ್ಡಡ್ಡ ಒಂದು ಬಿಳಿ ಪಟ್ಟೆ, ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಲ್ಲುವವನ ಪಟ್ಟಿಯ ಹಾಗೆ. ಕೆಲಸವೂ ಹಾಗೇ: ಬಾಗಿಲಲ್ಲಿ ಮಲಗುವುದು, ಬಡವರನ್ನು ಕಂಡರೆ ಬೊಗಳುವುದು, ಸಾಹುಕಾರರನ್ನು ಕಂಡರೆ ಬಾಲ ಆಡಿಸುವುದು. ಮನೆಯ ಮುಂಭಾಗದಲ್ಲಿ ನಮ್ಮಪ್ಪನ ಹರಳಿನ ಮಂಡಿ, ಹಿಂಭಾಗದಲ್ಲಿ ನಮ್ಮ ಸಂಸಾರ, ನಡುವೆ ದಫೇದಾರ. ಯುದ್ಧ ಬಂದು ಸೀಮೆಣ್ಣೆ ಅಳತೆಯ ಮೇಲೆ ಸಿಗಲು ಶುರುವಾದ ಮೇಲೆ ಜನ ಮತ್ತೆ ಹರಳೆಣ್ಣೆ ದೀಪಕ್ಕೆ ಬಂದಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಹರಳುಬೀಜ. ಹಾಸಿಗೆಯಲ್ಲಿ ಹರಳು, ನನ್ನ ಭೂಗೋಳದ ಪುಸ್ತಕದಲ್ಲಿ ಹರಳು. ಅಜ್ಜಿಗೆ ಕಣ್ಣು ಮಂಜು, ಆದರೂ ನೆಲದ ಮೇಲೆ ಬಿದ್ದ ಒಂದೊಂದು ಬೀಜವನ್ನೂ ತಡವಿ ತಡವಿ ಆರಿಸಿ ಮಂಡಿಗೆ ತಂದುಹಾಕುವುದು ಆಕೆಯ ವ್ರತ. ಲಿಂಗಪೂಜೆಯಾದರೂ ಒಂದು ದಿನ ಹಿಂದುಮುಂದಾದೀತು, ಇದು ತಪ್ಪುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಹೊಲಕ್ಕೆ ಗೊಬ್ಬರವಾಗಲಿ ಎಂದು ಅಪ್ಪ ಕುರಿಮಂದೆ ನಿಲ್ಲಿಸಿದರು. ಮಂದೆಯ ಜೊತೆಗೆ ಕುರಿ ಕಾಯುವ ಬೀರಪ್ಪ ಬಂದ, ಬೀರಪ್ಪನ ಜೊತೆಗೆ ಒಂದು ಕಂದು ಬಣ್ಣದ ಹೆಣ್ಣುನಾಯಿ ಬಂತು. ನಮ್ಮ ದಫೇದಾರ ಕೂಡಲೇ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊಲಕ್ಕೆ ಹೋದ. ಎಂಟು ದಿನ ಅವನ ಪತ್ತೆಯಿಲ್ಲ. ಒಂಬತ್ತನೆಯ ದಿನ ತಲೆ ತಗ್ಗಿಸಿಕೊಂಡು ವಾಪಸು ಬಂದ. ಹೆಂಡತಿಯನ್ನೇನೂ ಕರೆತರಲಿಲ್ಲ; ಮಾವನ ಮನೆಯ ಬಳುವಳಿ ಮಾತ್ರ ಮೈತುಂಬ ತಂದಿದ್ದ. ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಎಲ್ಲಿ ನೋಡಿದರೂ ಉಣ್ಣಿ. ರಕ್ತ ಕುಡಿದು ಉಬ್ಬಿದ ಉಣ್ಣಿಯನ್ನು ನೀವು ನೋಡಿದ್ದೀರೋ ಇಲ್ಲವೋ ಕಾಣೆ. ಬೂದು ಬಣ್ಣ, ನುಣುಪು ಮೈ, ಗುಂಡು ಹೊಟ್ಟೆ. ಕಾಲು ಮಡಿಚಿಕೊಂಡಿತೆಂದರೆ ಅಪ್ಪಟ ಹರಳುಬೀಜ.

ಇದನ್ನು ಮನೆಯಲ್ಲಿ ಮೊದಲು ಕಂಡುಹಿಡಿದವಳು ಅಜ್ಜಿ. ಪೂಜೆಗೆ ಕೂತಾಗ ಮಣೆಯ ಪಕ್ಕ ಕೈಗೆ ಸಿಕ್ಕ ಬೀಜವನ್ನು ಎತ್ತಿ ವಿಭೂತಿ ತಟ್ಟೆಯ ಪಕ್ಕದಲ್ಲಿಟ್ಟಳು. ಕಣ್ಣು ಮುಚ್ಚಿ ಶಿವಭಕ್ತರಾದ ಅರವತ್ತಮೂರು ಪುರಾತನರನ್ನು ನೆನೆದು ಮುಗಿಸಿ ಕೈ ಚಾಚಿದಳು. ಬೀಜ ಇಲ್ಲ. ತಡವಿದಳು. ಅದು ಅವಳ ಮೊಣಕೈ ಹತ್ತುತ್ತಿತ್ತು.

“ಅಯ್ಯೋ ಶಿವ್ನೇ! ಹರಳು ನಡೀತಾ ಅದೆ ಕಣ್ರೋ! ಕಲಿಗಾಲ ಮುಗೀತು ಕಣ್ರೋ!”

ಅಪ್ಪ ಮಂಡಿಯಿಂದ ಓಡಿಬಂದರು. ಅರ್ಧ ನಿಮಿಷದಲ್ಲಿ ಕಲಿಗಾಲ ಮುಗಿದಿಲ್ಲವೆಂದು ಗೊತ್ತಾಯಿತು, ದಫೇದಾರನ ಕಾಲ ಮುಗಿದಿತ್ತು. ಅರಕಲಗೂಡಿನಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಹಪ್ಪಳಕ್ಕೆ ಕೋತಿಗಳ ಕಾಟ, ಒಂದು ನಾಯಿ ಕಳಿಸಿಕೊಡಿ ಎಂದು ವರ್ಷದಿಂದ ಕೇಳುತ್ತಿದ್ದರು.

“ಇನ್ನೊಂದು ಉಣ್ಣಿ ಈ ಮನೆ ಒಳಗೆ ಕಾಣಿಸ್ಲಿ, ಅರಕಲಗೂಡಿನ ಗಾಡಿ ಹತ್ತಿಸ್ಬುಡ್ತೀನಿ,” ಎಂದರು ಅಪ್ಪ. ಆ ಮಾತು ಆಡಿದ್ದು ಭಾನುವಾರ. ಸೋಮವಾರ ನಮ್ಮಲ್ಲಿ ಎತ್ತು ಕಟ್ಟುವುದಿಲ್ಲ, ಮಂಗಳವಾರ ಪ್ರಯಾಣಕ್ಕೆ ಅಜ್ಜಿ ಬಿಡುವುದಿಲ್ಲ, ಹೀಗಾಗಿ ದಫೇದಾರನಿಗೆ ಬುಧವಾರದವರೆಗೆ ಆಯುಸ್ಸು. ಆ ನಾಯಿ ಐದು ವರ್ಷದಿಂದ ನನ್ನ ಕಾಲ ಬುಡದಲ್ಲಿ ಮಲಗಿದೆ. ಪರೀಕ್ಷೆಯಲ್ಲಿ ಫೇಲಾದ ದಿನ ನಮ್ಮ ಮನೆಯಲ್ಲಿ ನನ್ನನ್ನು ಕಂಡು ಬಾಲ ಆಡಿಸಿದ್ದು ಅದೊಂದೇ. ಕೋತಿ ಕಾಯಲು ಅದನ್ನು ಕಳಿಸುವುದೆಂದರೇನು! “ಬುಧವಾರದೊಳಗೆ ಎಲ್ಲಾ ಕಿತ್ತುಹಾಕ್ತೀನಿ,” ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಹೇಳಿದ ಮೇಲೆ, ಕೀಳುವುದು ಹೇಗೆ ಎಂದು ಯೋಚನೆ ಶುರುವಾಯಿತು.

ಉರಿಯುವ ಊದುಬತ್ತಿ ತಾಗಿಸಿದರೆ ಉಣ್ಣಿ ತಾನಾಗಿ ಉದುರುತ್ತದೆ ಎಂದ ನಾಣಿ. ಅವರ ಮನೆಯಲ್ಲಿ ನಾಯಿಯಿಲ್ಲ, ಊದುಬತ್ತಿ ಬೇಕಾದಷ್ಟಿದೆ. ನಾನು ಹಿತ್ತಲಲ್ಲಿ ದಫೇದಾರನನ್ನು ಕೂರಿಸಿ, ಊದುಬತ್ತಿ ಹಚ್ಚಿ, ಕಿವಿಯ ಹತ್ತಿರ ಹಿಡಿದೆ. ಘಮ್ಮೆಂದು ವಾಸನೆ ಹಬ್ಬಿತು. ಒಳಗಿಂದ ಅಜ್ಜಿ, “ಯಾರವ್ವ ಈ ಹೊತ್ನಲ್ಲಿ ಪೂಜೆ ಮಾಡ್ತಾ ಇರೋದು? ನಮ್ಮ ಗುರುಸಿದ್ದನಾ? ಹುಡುಗನಿಗೆ ಬುದ್ಧಿ ಬಂತಲ್ಲ!” ಎಂದು ಆನಂದಬಾಷ್ಪ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದಳು. ಮೊಮ್ಮಗ ನಾಯಿಗೆ ಧೂಪಾರತಿ ಎತ್ತುತ್ತಿದ್ದ. ಅಷ್ಟರಲ್ಲಿ ಕಿಡಿ ಉಣ್ಣಿಗೆ ತಗಲುವ ಬದಲು ಕಿವಿಗೆ ತಗಲಿತು. ದಫೇದಾರ ಹಾರಿದ. ಎಷ್ಟು ಎತ್ತರ ಎಂದರೆ, ಹಾರಿದವನು ಇಳಿಯುವುದರೊಳಗೆ ನಾನು ಒಂದು ಮಗ್ಗಿ ಹೇಳಿ ಮುಗಿಸಬಹುದಿತ್ತು, ಮಗ್ಗಿ ಬಂದಿದ್ದರೆ. ಊದುಬತ್ತಿ ನನ್ನ ಪಂಚೆಯ ಮೇಲೆ ಬಿದ್ದು ಒಂದು ತೂತು ಮಾಡಿತು. ಎಲ್ಲಿ ಎಂದು ಕೇಳಬೇಡಿ. ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳಲಾಗಲಿಲ್ಲ. ಕೂತಾಗಲೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಆಮೇಲೆ ಬರಿಗೈಯಲ್ಲಿ ಹಿಡಿದು ಜಗ್ಗಿದೆ. ಹೊಟ್ಟೆ ಪಟ್ಟೆಂದು ಒಡೆದು ಕೈಗೆ ಬಂತು, ಮೂತಿ ಚರ್ಮದಲ್ಲೇ ಉಳಿಯಿತು. ಅಲ್ಲಿ ಗಂಟಿನಷ್ಟು ಊತ. ಸಂಜೆ ಕುರಿಮಂದೆಯ ಹಾಲು ಕೊಡಲು ಬಂದ ಬೀರಪ್ಪ ಇದನ್ನೂ ಪಕ್ಕದಲ್ಲಿ ಬಿದ್ದಿದ್ದ ಊದುಬತ್ತಿಯನ್ನೂ ನೋಡಿ ಹೆಗಲ ಕಂಬಳಿ ಕೆಳಗಿಟ್ಟ.

“ಏನ್ ಬುದ್ದೀ, ನಾಯಿಗೇನು ಹರಕೆ ಒತ್ಕಂಡಿದ್ದೀರಾ, ಊದುಬತ್ತಿ ಇಕ್ಕಕೆ? ಬಿಸಿ ಮುಟ್ಟಿಸಿದ್ರೆ ಅದು ಒಟ್ಟೇಲಿರೋದ್ನೆಲ್ಲ ನಾಯಿ ಮೈಯೊಳಕ್ಕೇ ಕಕ್ಬುಡ್ತದೆ. ಸೀಮೆಣ್ಣೆ, ಒಗೆಸೊಪ್ಪಿನ ನೀರು, ಯಾವ್ದೂ ಬ್ಯಾಡ. ಇಲ್ಲಿ ನೋಡಿ.”

ಅವನ ಉಡಿದಾರದಲ್ಲಿ ಮುಳ್ಳು ಕೀಳುವ ಚಿಮಟ ನೇತಾಡುತ್ತಿತ್ತು. ಕೂದಲನ್ನು ಹಿಂದುಮುಂದಾಗಿ ಸವರುತ್ತ, ಬೆರಳ ತುದಿಯಲ್ಲಿ ಗುಳ್ಳೆ ಹುಡುಕುತ್ತ ಹೋದ. ಕಿವಿಯ ಮಡಿಕೆ, ಕೊರಳ ಪಟ್ಟಿಯ ಅಡಿ, ಕಂಕುಳು, ಬಾಲದ ಬುಡ, ಕೊನೆಗೆ ಒಂದೊಂದೇ ಬೆರಳ ಸಂದಿ. ಸಿಕ್ಕಿದ ಕೂಡಲೇ ಚಿಮಟವನ್ನು ಚರ್ಮಕ್ಕೆ ಅಂಟಿಸಿದಂತೆ ಇಟ್ಟು, ಹೊಟ್ಟೆಯನ್ನು ಮುಟ್ಟದೆ ಮೂತಿಯನ್ನೇ ಹಿಡಿದು, ನೇರವಾಗಿ ಎಳೆದ. ತಿರುಚಲಿಲ್ಲ, ಜಗ್ಗಲಿಲ್ಲ. ಕಾಲು ಅಲ್ಲಾಡಿಸುತ್ತ ಇಡೀ ಉಣ್ಣಿ ಹೊರಗೆ ಬಂತು. ದಫೇದಾರ ಆಕಳಿಸಿದ.

“ಕಂಡ್ರಾ? ನಾಯಿ ಕುಂಯ್ ಅಂದ್ರೆ ಕೀಳೋನ್ದು ತಪ್ಪು ಅಂತ ತಿಳ್ಕಳಿ. ಕಿತ್ತಿದ್ ಜಾಗಕ್ಕೆ ಒಸಿ ಅರಿಸಿನ. ಕೈ ತೊಳ್ಕಳಿ. ಉಣ್ಣೀನ ಆಗಿಂದಾಗ್ಲೇ ಸುಣ್ಣದ ನೀರಿಗೆ ಆಕ್ಬುಡಿ. ಇಟ್ಕಬ್ಯಾಡಿ ಮತ್ತೆ!”

ಚಿಮಟವನ್ನು ಬುಧವಾರದವರೆಗೆ ನನಗೆ ಬಿಟ್ಟುಕೊಟ್ಟು ಹೋದ. ಅವನು ಹೇಳಿದ್ದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡಿದೆ, ಕೊನೆಯ ಒಂದು ಮಾತು ಬಿಟ್ಟು. ನೀವೇ ಹೇಳಿ, ಇಷ್ಟು ದೊಡ್ಡ ಬೇಟೆಯಾಡಿ ಅದನ್ನು ಸುಣ್ಣದ ನೀರಿಗೆ ಹಾಕಿದರೆ ನಾಣಿಗೆ ತೋರಿಸುವುದೇನನ್ನು? ಹುಲಿ ಹೊಡೆದವರು ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಫೋಟೋದ ಯೋಗವಿಲ್ಲ. ಅಜ್ಜನ ಕಾಲದ ಖಾಲಿ ನಶ್ಯದ ಡಬ್ಬಿಯಿತ್ತು. ಕಿತ್ತ ಉಣ್ಣಿಯನ್ನೆಲ್ಲ ಅದರಲ್ಲಿ ಹಾಕಿ ಭದ್ರವಾಗಿ ಮುಚ್ಚಿದೆ. ಸೋಮವಾರ ಸಂಜೆಗೆ ಅರವತ್ತೆರಡಾಯಿತು. ಇನ್ನೊಂದು ಸಿಕ್ಕಿದ್ದರೆ ಅಜ್ಜಿಯ ಪುರಾತನರ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಆ ಒಂದಕ್ಕಾಗಿ ದಫೇದಾರನ ಮೈಯನ್ನು ಮೂರು ಸಲ ಜಾಲಾಡಿದೆ. ಒಂದೂ ಇಲ್ಲ. ನಾಯಿ ಕನ್ನಡಿಯ ಹಾಗಿತ್ತು. ಮಂಗಳವಾರ ಮಧ್ಯಾಹ್ನ ನಾಣಿ ಬಂದು ನೋಡುವುದೆಂದು ಮಾತಾಗಿತ್ತು. ಡಬ್ಬಿಯನ್ನು ನನ್ನ ಪುಸ್ತಕದ ಗೂಡಿನಲ್ಲಿ, ಯಾರೂ ಮುಟ್ಟದ ವ್ಯಾಕರಣದ ಹಿಂದೆ ಬಚ್ಚಿಟ್ಟೆ.

ಮಂಗಳವಾರ ಬೆಳಗ್ಗೆ ಹಾಸನದಿಂದ ಇದ್ದಿಲು ಗ್ಯಾಸಿನ ಬಸ್ಸು ಕೆಮ್ಮುತ್ತ ಬಂದು ಎಣ್ಣೆಮಿಲ್ಲಿನ ರುದ್ರಪ್ಪನವರನ್ನು ನಮ್ಮ ಬಾಗಿಲಲ್ಲಿ ಇಳಿಸಿತು. ಅಪ್ಪನ ಅತಿ ದೊಡ್ಡ ಗಿರಾಕಿ. ಅಪ್ಪ ಕೈಮುಗಿದು ಗಾದಿಯ ಮೇಲೆ ಕೂರಿಸಿ, ಹಿತ್ತಾಳೆ ತಟ್ಟೆಯಲ್ಲಿದ್ದ ಮಾದರಿ ಹರಳನ್ನು ಮುಂದಿಟ್ಟು, ಹಾಲು ತರಿಸಲು ಒಳಕ್ಕೆ ಹೋದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆಗ ಒಳಗಿಂದ ಅಜ್ಜಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಸೆರಗಿನಲ್ಲಿದ್ದದ್ದನ್ನು ತಟ್ಟೆಗೆ ಸುರಿದಳು. “ಈ ಹುಡುಗ ಪುಸ್ತಕದ ಸಂದೀಲೂ ಹರಳು ಇಟ್ಟವ್ನೆ,” ಎಂದು ಗೊಣಗಿ ಹೊರಟುಹೋದಳು.

ನಾನು ಕಂಬ ಬಿಟ್ಟು ತಟ್ಟೆಯತ್ತ ಒಂದು ಹೆಜ್ಜೆ ಇಟ್ಟೆ. ನೋಡನೋಡುತ್ತಲೇ ರುದ್ರಪ್ಪನವರು ತಟ್ಟೆಗೆ ಕೈಹಾಕಿ, ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿಕೊಂಡರು. ಒಳಗೆ ಎಣ್ಣೆಯ ಅಂಶ ಎಷ್ಟಿದೆ ಎಂದು ನೋಡಲು ಉಗುರಿನಿಂದ ಚಿವುಟುವುದು ವ್ಯಾಪಾರದ ಪದ್ಧತಿ. ಚಿವುಟಿದರು.

ಮೊದಲು ಹೆಬ್ಬೆರಳು ನೋಡಿಕೊಂಡರು. ಆಮೇಲೆ ಬಿಳಿ ಅಂಗಿ ನೋಡಿಕೊಂಡರು. ಆಮೇಲೆ ತಟ್ಟೆ ನೋಡಿದರು. ಮಿಕ್ಕ ಅರವತ್ತೊಂದು ನಾಲ್ಕು ದಿಕ್ಕಿಗೂ ಹೊರಟಿದ್ದವು. ಹಾಲಿನ ಲೋಟ ಹಿಡಿದು ಬಂದ ಅಪ್ಪನನ್ನು ಅವರು ಕೇಳಿದರು:

“ಏನ್ ಸಾವ್ಕಾರ್ರೇ, ಇದೇನು ಹೊಸ ತಳೀನಾ? ಮೂವತ್ತು ವರ್ಷದಿಂದ ಹರಳು ಚಿವುಟ್ತಾ ಇದೀನಿ, ಕೆಂಪೆಣ್ಣೆ ಬರೋದು ಇವತ್ತೇ ಕಂಡಿದ್ದು. ಮೂಟೆ ಕಟ್ಟಿಸ್ತೀರೋ, ಇಲ್ಲಾ ಹಾಸನದ ತಂಕ ನಡೆಸ್ಕಂಡೇ ಬರ್ತೀರೋ?”

ಲೋಟ ಕೆಳಗೆ ಬಿತ್ತು.

ರುದ್ರಪ್ಪನವರು ದೊಡ್ಡ ಮನುಷ್ಯರು. ಸೀಗೇಪುಡಿಯಲ್ಲಿ ನಾಲ್ಕು ಸಲ ಕೈತೊಳೆದು, ಬೇರೆ ಮೂಟೆಯಿಂದ ಬೇರೆ ಹರಳು ತೆಗೆಸಿ, ಕಾಲಿಲ್ಲವೆಂದು ತಿರುಗಿಸಿ ತಿರುಗಿಸಿ ನೋಡಿ, ವ್ಯಾಪಾರ ಮುಗಿಸಿಯೇ ಹೋದರು. ಅವರು ಹೋದ ಮೇಲೆ ನಮ್ಮ ಪಡಸಾಲೆಯಲ್ಲಿ ವಿಚಾರಣೆ ನಡೆಯಿತು. ಅಜ್ಜಿ ಸಾಕ್ಷಿ ಹೇಳಿದಳು: “ಡಬ್ಬಿ ಅಲ್ಲಾಡ್ಸಿದೆ, ಗಲಗಲ ಅಂತು, ಹರಳೇ ಅನ್ಕಂಡೆ ಕಣಪ್ಪ.” ಅಪ್ಪ ದಫೇದಾರನನ್ನು ಕರೆದರು. ಬೀರಪ್ಪನ ಹಾಗೆಯೇ ಕಿವಿ ಮಡಿಚಿ, ಕಂಕುಳು ತಡವಿ, ಬೆರಳು ಬಿಡಿಸಿ ನೋಡಿದರು. ಏನೂ ಸಿಗಲಿಲ್ಲ. ದಫೇದಾರ ಅವರ ಕೈ ನೆಕ್ಕಿದ. ಗೆದ್ದೆ ಎಂದುಕೊಂಡು ನಾನು ಎದೆ ಸೆಟೆಸಿ, “ನಾನು ಹೇಳ್ಲಿಲ್ವಾ ಅಪ್ಪ, ಒಂದೂ ಬಿಡದಂಗೆ ಕಿತ್ತಿದೀನಿ,” ಎಂದೆ.

“ಸರಿ,” ಎಂದರು ಅಪ್ಪ. “ನಾಯಿ ಮೈಮೇಲೆ ಉಣ್ಣಿ ಇಲ್ಲ. ಹಂಗಾದ್ರೆ ಮನೆ ಒಳಗೆ ಉಣ್ಣಿ ಇಟ್ಕಂಡಿದ್ದೋನು ಯಾರು? ಆಡಿದ ಮಾತು ಆಡಿದ್ದೇ. ಬುಧವಾರ ಗಾಡಿ ಹೋಯ್ತದೆ. ನಿಂಗೂ ರಜ ಬಂತಲ್ಲ, ನಿಮ್ಮತ್ತೆ ಮಾಳಿಗೆ ಮೇಲೆ ಕೂತ್ಕಂಡು ಕೋತಿ ಕಾಯಿ, ಹೋಗು.”

ಬುಧವಾರ ಗಾಡಿ ಹೊರಟಿತು. ದಫೇದಾರ ಜಗಲಿಯ ಮೇಲೆ, ದಿನಾ ನಾನು ಕೂರುವ ಜಾಗದಲ್ಲೇ ಕೂತು, ಸಾಹುಕಾರರಿಗೆ ಆಡಿಸುವಂತೆ ಬಾಲ ಆಡಿಸಿ ಬೀಳ್ಕೊಟ್ಟ. ಅರಕಲಗೂಡಿನಲ್ಲಿ ಗಾಡಿ ಇಳಿಯುವುದರೊಳಗೆ ಸುದ್ದಿ ಅತ್ತೆಗೆ ಮುಟ್ಟಿತ್ತು. “ನಿಂತ್ಕೊಳ್ಳಪ್ಪ ಅಲ್ಲೇ! ಒಳಕ್ಕೆ ಕಾಲಿಕ್ಕಬ್ಯಾಡ,” ಎಂದು ಅಂಗಳದಲ್ಲೇ ತಡೆದರು. ಅಂಗಿ ಬಿಚ್ಚಿಸಿದರು. ಕೂದಲನ್ನು ಹಿಂದುಮುಂದಾಗಿ ಸವರಿದರು, ಕಂಕುಳು ನೋಡಿದರು, ಬಲಗಿವಿ ಮಡಿಚಿದರು, ಎಡಗಿವಿ ಮಡಿಚಿದರು.

“ಇಲ್ಲೊಂದು ಅದೆ ಕಣೋ, ಗುರುಸಿದ್ದ! ಹರಳಿನಷ್ಟದೆ!”

ಮೂರು ಸಲ ದಫೇದಾರನ ಮೈ ಜಾಲಾಡಿದರೂ ಸಿಗದಿದ್ದ ನನ್ನ ಅರವತ್ತಮೂರನೆಯದು. ಅತ್ತೆ ಚಿಮಟ ತಂದರು. ಅವರಿಗೆ ಬೀರಪ್ಪ ಏನೂ ಹೇಳಿಕೊಟ್ಟಿರಲಿಲ್ಲ, ಆದರೂ ಚರ್ಮಕ್ಕೆ ಅಂಟಿಸಿಟ್ಟು, ಮೂತಿ ಹಿಡಿದು, ತಿರುಚದೆ, ಜಗ್ಗದೆ ನೇರವಾಗಿ ಎಳೆದರು. ವಿದ್ಯೆ ಬಲ್ಲವನಾಗಿ ಹೇಳುತ್ತೇನೆ, ಅವರ ಕೈಯಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಆದರೂ ನಾನು ಕುಂಯ್ ಅಂದೆ.